ನೆತ್ತಿ

ಹದಿನೇಳು ವರ್ಷದಿಂದ ಇದೇ ದಾರಿ,
ಬಿಷ್ಕೇಕಿನ ಪಡುವಣ ನಿಲ್ದಾಣದಿಂದ ತಲಾಸ್‌ಗೆ.
ವ್ಯಾನಿಗೆ ಹದಿನಾರು ಸೀಟು, ಕೂರುವವರು ಹತ್ತೊಂಬತ್ತು.
ಯಾವ ತಿರುವಿನಲ್ಲಿ ಯಾರ ಮುಖ ಸುಣ್ಣವಾಗುತ್ತದೆ
ಹಿಂದಿರುಗಿ ನೋಡದೆ ಹೇಳಬಲ್ಲೆ:
ಏಳನೆಯದರಲ್ಲಿ ಕಾಲೇಜು ಹುಡುಗಿಯರು,
ಹನ್ನೊಂದರಲ್ಲಿ ನಿನ್ನೆ ಕುಡಿದಿದ್ದ ಗಂಡಸರು.
ಕನ್ನಡಿಗೆ ಸಿಕ್ಕಿಸಿದ್ದೇನೆ ಪ್ಲಾಸ್ಟಿಕ್ ಚೀಲಗಳ ಕಂತೆ.
ಬೇಕಾದವರು ಕೇಳುವುದಿಲ್ಲ, ಕೈ ಚಾಚುತ್ತಾರೆ ಅಷ್ಟೆ.

ಅಂದು ಕೈ ಚಾಚಿದವಳು ಬುರುಲ್.
ಚೀಲ ಅವಳಿಗಲ್ಲ, ಮಡಿಲಲ್ಲಿದ್ದ ಸೆಜಿಮ್‌ಗೆ,
ಏಳು ತಿಂಗಳು, ಕಿವಿ ಮುಚ್ಚುವ ಹಳದಿ ಟೊಪ್ಪಿ.
ಕಾರಾ-ಬಾಲ್ಟಾ ದಾಟುವ ಮೊದಲೇ ಒಂದು ಸಲ,
ಸುಂಕದ ಗೇಟಿನಲ್ಲಿ ಇನ್ನೊಂದು,
ಆಮೇಲೆ ಎಣಿಸುವುದನ್ನು ಬಿಟ್ಟೆವು.

"ದಾರಿ ಕಣಮ್ಮ," ಅಂದಳು ಮುಂದಿನ ಸೀಟಿನ ಮುದುಕಿ,
"ಕುದುರೆ ಮೇಲಾದರೆ ಆಗುತ್ತಿರಲಿಲ್ಲ."
"ಪೆಟ್ರೋಲಿನ ವಾಸನೆ," ಅಂದ ಒಬ್ಬ.
ಡೀಸೆಲ್, ನಾನು ತಿದ್ದಿದೆ.
"ದೃಷ್ಟಿಯಾಗಿದೆ," ಅಂದಳು ಮತ್ತೊಬ್ಬಳು,
ಒಣ ಅರ್ಚಾ ಸೊಪ್ಪು ತೆಗೆದು, ಬೆಂಕಿಪೊಟ್ಟಣ ಹುಡುಕುತ್ತ.
ಹೊಗೆ ಬೇಡ, ಸುರಂಗ ಬರುತ್ತಿದೆ,
ಅಲ್ಲಿ ಬೇಕಾದಷ್ಟಿದೆ, ಅಂದೆ.
ಬುರುಲ್ ಎಲ್ಲರಿಗೂ ಹೂಂ ಅಂದಳು.
ಎಲ್ಲರಿಗೂ ಹೂಂ ಅನ್ನುವ ತಾಯಂದಿರನ್ನು ಬಲ್ಲೆ,
ಅವರಿಗೆ ಯಾರ ಮಾತೂ ಕೇಳಿಸುತ್ತಿರುವುದಿಲ್ಲ.

ಕೊನೆಯ ಸಾಲಿನಿಂದ ಮೂಟೆಗಳನ್ನು ತುಳಿಯುತ್ತ ಬಂದ
ಶರ್ಶೆನ್, ದನದ ಡಾಕ್ಟರು,
ಅಂಗಿಗೆ ಕುರಿಯ ವಾಸನೆ, ಉಗುರಿಗೆ ಅಯೋಡಿನ್ ಕಲೆ.
"ನಡೆಯುತ್ತಾಳಾ?"
ಇಲ್ಲ, ಅಂಬೆಗಾಲೂ ಇಲ್ಲ.
"ನಡಿಗೆ ಕಲಿಯದವರನ್ನು ದಾರಿ ಅಷ್ಟು ಸುಲಭಕ್ಕೆ ಕಕ್ಕಿಸುವುದಿಲ್ಲ.
ನೆಲ ಅಲುಗಬಾರದೆಂದು
ಅವರಿನ್ನೂ ಹಟ ಹಿಡಿದಿರುವುದಿಲ್ಲ."
ಟೊಪ್ಪಿ ತೆಗೆದ.
ನೆತ್ತಿಯ ಮೇಲೆ ಎರಡು ಬೆರಳಿಟ್ಟ,
ಇಟ್ಟವನು ತೆಗೆಯಲಿಲ್ಲ.
ಕನ್ನಡಿಯಲ್ಲಿ ನನಗೆ ಕಂಡದ್ದು ಅವನ ಮುಖ ಮಾತ್ರ.
"ಚಹಾ ಬಟ್ಟಲಿನ ತಳದ ಹಾಗೆ ಗುಳಿ ಬಿದ್ದಿದೆ.
ಒದ್ದೆ ಮಾಡಿ ಎಷ್ಟು ಹೊತ್ತಾಯಿತು?"

ಬುರುಲ್ ಬಾಯಿ ತೆರೆದಳು, ಮುಚ್ಚಿದಳು.
ಬೆಳಗಿನಿಂದ ಬಟ್ಟೆ ಒಣಗಿಯೇ ಇತ್ತು,
ಪ್ರಯಾಣದ ದಿನ, ಒಳ್ಳೆಯದೇ ಆಯಿತೆಂದುಕೊಂಡಿದ್ದಳು.

ಎದುರಿಗೆ ತೂ-ಅಶೂ, ಬೆಟ್ಟದ ನೆತ್ತಿ,
ಸುರಂಗದ ಬಾಯಲ್ಲಿ ಲಾರಿಗಳ ಸಾಲು.
ಹದಿನೇಳು ವರ್ಷದಲ್ಲಿ ಒಮ್ಮೆಯೂ ಹಿಂದೆ ತಿರುಗಿದವನಲ್ಲ.
ತಿರುಗಿಸಿದೆ,
ಐದು ಸಲ ಮುಂದೆ, ಐದು ಸಲ ಹಿಂದೆ,
ಹಿಂದಿನ ಚಕ್ರಕ್ಕೂ ಪ್ರಪಾತಕ್ಕೂ ಒಂದು ಗೇಣು.
ಒಬ್ಬ ಬೈಯುತ್ತ ಇಳಿದುಹೋದ.
ಸಂಜೆ ಅವನಣ್ಣನನ್ನು ಮಣ್ಣು ಮಾಡುವುದಿತ್ತು,
ಬೈದದ್ದು ತಪ್ಪಲ್ಲ.

ಮುದುಕಿಯ ಫ್ಲಾಸ್ಕಿನಲ್ಲಿ ಕುದಿಸಿ ಆರಿದ ನೀರು, ಒಂದು ಲೀಟರು.
ಸಕ್ಕರೆ ಆರು ಚಮಚ, ಯಾರದೋ.
ಉಪ್ಪು ಅರ್ಧ ಚಮಚ, ನನ್ನ ಬೇಯಿಸಿದ ಮೊಟ್ಟೆಯ ಜೊತೆಗಿದ್ದ ಪೊಟ್ಟಣದ್ದು.
ಶರ್ಶೆನ್‌ನ ಚೀಲದಲ್ಲೂ ಏನೋ ಪುಡಿಯಿತ್ತು,
"ಅದು ಕರುಗಳಿಗೆ," ಅಂದ, ಯಾರೂ ಕೇಳದಿದ್ದರೂ.
ಒಂದು ಚಮಚ. ಅರವತ್ತರವರೆಗೆ ಎಣಿಕೆ.
ಇನ್ನೊಂದು ಚಮಚ.
ಬಿರ್, ಎಕಿ, ಊಚ್, ಇಡೀ ವ್ಯಾನು ಎಣಿಸುತ್ತಿತ್ತು,
ಬೈದವನ ಖಾಲಿ ಸೀಟೊಂದನ್ನು ಬಿಟ್ಟು.
ಕಕ್ಕಿದಳು. ಮತ್ತೆ ಒಂದರಿಂದ.
ಎರಡನೇ ಗೇರಿನಲ್ಲಿ ನಾನು
ಮೊಟ್ಟೆ ತುಂಬಿದ ಗಾಡಿಯಂತೆ ಬೆಟ್ಟ ಇಳಿಸುತ್ತಿದ್ದೆ.

ಸೊಸ್ನೋವ್ಕಾದ ಸೇತುವೆಯ ಹತ್ತಿರ
ಶರ್ಶೆನ್ ಒಮ್ಮೆಲೇ ಕೂಗಿದ.
ಎದೆ ಧಸಕ್ಕೆಂದು ಬ್ರೇಕು ಒತ್ತಿದೆ.
ಅವನ ಪ್ಯಾಂಟಿನ ಮೇಲೆ, ತೊಡೆಯಿಂದ ಮೊಣಕಾಲಿಗೆ,
ಬೆಚ್ಚಗೆ ಹರಡುತ್ತಿದ್ದ ಕಪ್ಪು ಕಲೆ.
ಮುದುಕಿ ಮುಟ್ಟಿ ನೋಡಿದಳು,
ಅರ್ಚಾ ಸೊಪ್ಪಿನವಳು ಮುಟ್ಟಿ ನೋಡಿದಳು,
ಬುರುಲ್ ಮಾತ್ರ ಮುಟ್ಟಲಿಲ್ಲ,
ಕಿಟಕಿಗೆ ಹಣೆ ಹಚ್ಚಿ, ಪ್ಲಾಸ್ಟಿಕ್ ಚೀಲಕ್ಕೆ
ಈಗ ತಾನು ಕಕ್ಕಿದಳು.

ಆಸ್ಪತ್ರೆಯಲ್ಲಿ ನಾಲ್ಕು ದಿನ ಇಟ್ಟುಕೊಂಡರಂತೆ.
ಆ ಸೀಟಿನ ಕಲೆ ಹೋಗಿಲ್ಲ, ನಾನೂ ತಿಕ್ಕಿಲ್ಲ.

ಈಗಲೂ ಸುರಂಗದ ಬಾಯಲ್ಲಿ ಕಾಯುವಾಗ
ಟೊಪ್ಪಿ ಸರಿಸಿ ನೆತ್ತಿ ಮುಟ್ಟಿಕೊಳ್ಳುತ್ತೇನೆ.
ಗಟ್ಟಿ ಮೂಳೆ.
ಯಾವತ್ತು ಕೂಡಿಕೊಂಡಿತೋ,
ಅಲ್ಲಿಯವರೆಗೆ ಯಾರ ಬೆರಳು ಕಾಯುತ್ತಿತ್ತೋ,
ಕೇಳಲು ಹೊಳೆದಿರಲಿಲ್ಲ.
ಹಿಂದಿನ ಲಾರಿ ಹಾರನ್ ಹೊಡೆಯುತ್ತದೆ.